ತೆಪ್ಪದ ಅಡಿಯ ಹಡಗು

ಬೆಳಗಿನ ಆರು ಗಂಟೆ. ತಿ.ನರಸೀಪುರದ ಹೊಳೆದಂಡೆಯಲ್ಲಿ ಗೋವಿಂದಮ್ಮ ಹಳೆಯ ತೆಪ್ಪವನ್ನು ಬೋರಲು ಹಾಕಿಕೊಂಡು ಕುಡುಗೋಲಿನಿಂದ ಡಾಂಬರು ಕೆರೆಯುತ್ತಿದ್ದಾರೆ. ಪಕ್ಕದಲ್ಲಿ ಹೊಸ ತೆಪ್ಪದ ಬಿದಿರಿನ ಹೆಣಿಗೆ ಸಿದ್ಧವಾಗಿದೆ. ಆದರೆ ಹಳೆಯದರ ನಡುಮಧ್ಯೆ ಹುದುಗಿರುವ ಕಾಸು ಈಚೆ ಬರುವ ತನಕ ಹೊಸದಕ್ಕೆ ಹೊದಿಕೆ ಹಾಕುವಂತಿಲ್ಲ. ಇದು ಈ ಮನೆಯ ಪದ್ಧತಿ.

ಕಾಸು ಇಂಗ್ಲೆಂಡಿನ ಅರ್ಧ ಪೆನ್ನಿ. ಒಂದು ಬದಿಗೆ ದೊರೆಯ ತಲೆ, ಇನ್ನೊಂದು ಬದಿಗೆ ಹಾಯಿ ಬಿಚ್ಚಿದ ಹಡಗು. ಗೋವಿಂದಮ್ಮನ ಮಾವ ಚಿಕ್ಕಮಾದು ಎರಡನೇ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಗೆ ಓಡಿಹೋಗಿ ಹಡಗಿನ ಖಲಾಸಿಯಾದವರು. ಊರಿಗೆ ಮರಳಿದಾಗ ಜೇಬಿನಲ್ಲಿ ಉಳಿದಿದ್ದ ಸೀಮೆಯ ಕಾಸು ಇದೊಂದೇ.

"ಅಡಗು ಕಟ್ಟೋರು ಹಾಯಿಕಂಬ ನಿಲ್ಸೋ ಮುಂಚೆ ಅದ್ರ ಬುಡಕ್ಕೆ ಕಾಸು ಮಡುಗ್ತಾರಂತೆ. ನಮ್ಮಾವ ಅಲ್ಲಿ ಕೇಳ್ಕಂಡು ಬಂದು ತೆಪ್ಪಕ್ಕೂ ಮಡುಗುದ್ರು," ಎನ್ನುತ್ತಾರೆ ಗೋವಿಂದಮ್ಮ. ತೆಪ್ಪ ಹಳತಾದಂತೆಲ್ಲ ಕಾಸು ಪೂಜೆ ಮಾಡಿಸಿಕೊಂಡು ಹೊಸದಕ್ಕೆ ದಾಟುತ್ತಾ ಬಂದಿದೆ.

ಗಂಡ ತೀರಿಕೊಂಡ ಮೇಲೆ ಹುಟ್ಟು ಇವರ ಕೈಗೆ ಬಂತು. ಮೊದಮೊದಲು ಜನ ತೆಪ್ಪ ಹತ್ತಲು ಮೀನಮೇಷ ಎಣಿಸಿದರು. "ಎಂಗ್ಸು ಉಟ್ಟಾಕುದ್ರೆ ಮಗುಚ್ಕತದೆ ಅಂದ್ರು. ಇವತ್ತಿನವರ್ಗೂ ಯಾರ ಸೆರಗೂ ನೆಂದಿಲ್ಲ ಕಣ್ ಸಾ." ಈಗ ಸಂಗಮಕ್ಕೆ ಮೀಯಲು ಹೋಗುವವರನ್ನು ದಿನಕ್ಕೆ ಹತ್ತು ಹದಿನೈದು ಸಲ ದಾಟಿಸುತ್ತಾರೆ. ಅಂಗೈ ಮುಟ್ಟಿದರೆ ಬಿದಿರಿನಷ್ಟೇ ಗಟ್ಟಿ.

ಇವತ್ತು ಮೊದಲ ಬಸ್ಸಿಗೇ ನಂಜನಗೂಡಿನಿಂದ ಶಿವಮೂರ್ತಿ ಮೇಷ್ಟ್ರು ಬಂದಿದ್ದಾರೆ. ನಿವೃತ್ತರು, ಹಳೆಯ ನಾಣ್ಯಗಳ ಹುಚ್ಚು. ಕಾಸನ್ನು ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಅದರ ಕೆಳಗೆ ಚಿಕ್ಕಮಾದು ಅವರ ಹೆಸರು ಬರೆಸುವ ಮಾತು ಕೊಟ್ಟಿದ್ದಾರೆ. ಗೋವಿಂದಮ್ಮ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಮಾವನದೊಂದು ಪಟ ಕೂಡ ಮನೆಯಲ್ಲಿಲ್ಲ, ಹೆಸರು ಹೇಳುವವರು ಕಡಿಮೆಯಾಗುತ್ತಿದ್ದಾರೆ. ಅದು ಅವರನ್ನು ಕೊರೆಯುತ್ತಿದೆ.

ಕಾಸು ಈಚೆ ಬರುತ್ತದೆ. ಡಾಂಬರು ಬಿಡಿಸಿದ್ದೇ ತಡ, ಗೋವಿಂದಮ್ಮ ಹುಣಸೆಹಣ್ಣು, ಬೂದಿ ಹಾಕಿ ಗಸಗಸ ಉಜ್ಜತೊಡಗುತ್ತಾರೆ. ಮೇಷ್ಟ್ರ ಮುಖ ಹುಳ್ಳಗಾಗುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಹಡಗಿನ ಒಡಲು ಮಾತ್ರ ಕಾಣುತ್ತದೆ.

"ಉಜ್ಜಿ ಉಜ್ಜಿ ಹಾಯಿನೇ ಅಳಿಸಿಬಿಟ್ಟಿದ್ದೀರಲ್ಲಮ್ಮ. ಹಳೇ ನಾಣ್ಯ ತೊಳೀಬಾರ್ದು."

"ಪೂಜೆಗೆ ಕೊಳೆ ಕಾಸು ಮಡುಗಾಕಾಯ್ತದಾ ಮೇಷ್ಟ್ರೇ?"

ಮೇಷ್ಟ್ರು ನಗುತ್ತಾರೆ. ಆದರೂ ಕಾಸಿಗೆ ಚಾಚಿದ ಕೈ ಹಿಂದಕ್ಕೆ ಹೋಗುವುದಿಲ್ಲ. ಗೋವಿಂದಮ್ಮ ಕಾಸನ್ನು ಹೊಳೆಯಲ್ಲಿ ಅದ್ದಿ ಬೂದಿ ತೊಳೆಯುತ್ತಾರೆ. ಆಮೇಲೆ ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಹೊಸ ತೆಪ್ಪದ ಬಿದಿರ ದಬ್ಬೆಗಳು ಕೂಡುವ ಕಡೆ ಬಿಗಿಯಾಗಿ ಕಟ್ಟಿ, ಮೇಲೆ ಹೊದಿಕೆ ಎಳೆಯುತ್ತಾರೆ.

ಮೇಷ್ಟ್ರು ಚಾಚಿದ ಕೈ ಕೆಳಗಿಳಿಸುತ್ತಾರೆ. ಗೋವಿಂದಮ್ಮ ಅವರ ಕಡೆ ತಿರುಗಿ ತೆಪ್ಪದ ಅಂಚು ತೋರಿಸುತ್ತಾರೆ.

"ನಮ್ಮಾವನ ಎಸ್ರ ಇಲ್ಲಿ ಬರೀರಿ, ತೆಪ್ಪ ಅತ್ತೋರೆಲ್ಲ ಓದ್ಕಳ್ಳಿ. ಕಾಸು ಮಾತ್ರ ಕೇಳ್ಬ್ಯಾಡಿ. ಗಾಜ್ನೊಳ್ಗೆ ಕುಂತ್ರೆ ಅದು ಎಲ್ಗೋದಾದು? ನಮ್ಮಾವನ ಅಡಗು ಇನ್ನೂ ಓಡ್ತಾ ಅದೆ."