ಅಕ್ಕನ ಮುಡಿಪು

ಹೋದ ವರ್ಷ ನಾನು ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಾಗ ಅಕ್ಕ ಒಂದು ತೆಂಗಿನಕಾಯಿಗೆ ಅರಿಶಿನದ ಬಟ್ಟೆ ಸುತ್ತಿ ದೇವರ ಗೂಡಿನಲ್ಲಿಟ್ಟಳು. ನಾನು ಎದ್ದು ಓಡಾಡುವಂತಾದರೆ ಅದನ್ನು ಕೈಯಾರೆ ಸಮುದ್ರಕ್ಕೆ ಬಿಡುತ್ತೇನೆಂದು ಹರಕೆ. ಹೇಮಾವತಿ ಹೊಳೆ ಸಾಲದೇ ಎಂದು ಕೇಳಿದ್ದಕ್ಕೆ, "ಜ್ವರಕ್ಕೆ, ಕೆಮ್ಮಿಗೆ ಒಳೆ ಸಾಕು ಕಣ್ಲಾ. ಇದು ದೊಡ್ಡ ಕಾಯ್ಲೆ, ದೊಡ್ಡ ನೀರೇ ಬೇಕು" ಎಂದಳು.

ಹೊಳೆನರಸೀಪುರದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರೆಲ್ಲ ಸೇರಿ ಕೊಚ್ಚಿಯಿಂದ ಹೊರಡುವ ಅಗ್ಗದ ಕ್ರೂಸ್ ಹಡಗಿಗೆ ಟಿಕೆಟ್ ಮಾಡಿಸಿದಾಗ ಅಕ್ಕನನ್ನೂ ಸೇರಿಸಿದೆ. ಅರಕಲಗೂಡಿನ ಪಕ್ಕದ ಹಳ್ಳಿಯವಳು, ಶ್ರವಣಬೆಳಗೊಳದಾಚೆ ಹೋದವಳಲ್ಲ. ಹಡಗಿನ ಊಟ, ಕುಣಿತ, ಈಜುಕೊಳ ಯಾವುದೂ ಅವಳಿಗೆ ಬೇಕಿರಲಿಲ್ಲ. ಕೊಚ್ಚಿಗೆ ಹೋಗುವ ಬಾಡಿಗೆ ವ್ಯಾನಿನಲ್ಲಿ ದಾರಿಯುದ್ದಕ್ಕೂ ಕಾಯಿಯ ಗಂಟನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. "ಮೇಷ್ಟ್ರೇ, ಹಡಗಿನಲ್ಲಿ ಚಟ್ನಿ ನಿಮ್ಮ ಕಡೆಯದು" ಎಂದು ಜೊತೆಯವರು ರೇಗಿಸಿದರು. ನಾನೂ ನಕ್ಕೆ. ಒಳಗೊಳಗೆ ಮೈ ಉರಿಯುತ್ತಿತ್ತು.

ಬಂದರಿನಲ್ಲಿ ಬ್ಯಾಗುಗಳನ್ನು ಯಂತ್ರದೊಳಗೆ ಹಾಯಿಸುತ್ತಿದ್ದರು. ಹೊರಗಿನ ತಿಂಡಿ, ಕಾಯಿ ಯಾವುದನ್ನೂ ಹಡಗಿಗೆ ಬಿಡುವುದಿಲ್ಲವೆಂದು ಕಾವಲಿನವನು ಗಂಟನ್ನೆತ್ತಿ ಪಕ್ಕಕ್ಕಿಟ್ಟ. ಅಕ್ಕ ನನ್ನ ತೋಳು ಹಿಡಿದು, "ಏನಂತೆ? ಇಲ್ಲೇ ನೀರಿಗೆ ಬಿಟ್ಟು ಬಂದ್ಬುಡ್ತೀನಿ ಅಂತ ಯೋಳು" ಎಂದಳು.

ನಾನು ಹೇಳಲಿಲ್ಲ. ಆದರೂ ಅರಿಶಿನದ ಬಟ್ಟೆ ನೋಡಿಯೇ ಆ ಮನುಷ್ಯನಿಗೆ ಅರ್ಥವಾಗಿತ್ತು. ಪೂಜೆಯದಾದರೆ ಇಬ್ಬರೂ ಹೊರಗೆ ಹೋಗಿ ದಡದಲ್ಲಿ ಬಿಟ್ಟು ಬನ್ನಿ, ಇನ್ನೂ ಒಂದು ಗಂಟೆ ಇದೆ ಎಂದು ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದ. ಹಿಂದೆ ಸಾಲಿನಲ್ಲಿ ಪ್ರಿನ್ಸಿಪಾಲರು ವಾಚು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಅವರೆಲ್ಲರ ಮುಂದೆ ಕಾಯಿ ಹಿಡಿದ ಅಕ್ಕನ ಹಿಂದೆ ನಡೆಯುವುದು ನನ್ನಿಂದಾಗಲಿಲ್ಲ. "ಬೇಡ, ಎಸೆದುಬಿಡಿ" ಎಂದೆ, ಅದೂ ಇಂಗ್ಲಿಷಿನಲ್ಲೇ.

ಅವನು ಒಂದು ಕ್ಷಣ ಅಕ್ಕನ ಮುಖ ನೋಡಿದ. ಆಮೇಲೆ ಗಂಟನ್ನು ಕಸದ ಡಬ್ಬಕ್ಕೆ ಹಾಕಿದ.

"ಬಿಡಕ್ಕಿಲ್ವಂತೆ ಕಣಕ್ಕ, ರೂಲ್ಸು" ಎಂದೆ.

ಎರಡು ದಿನವೂ ಅವಳು ಹಡಗಿನ ಕಂಬಿ ಹಿಡಿದು ನಿಂತಿದ್ದಳು. ಆಗಾಗ ನೀರಿಗೆ ಬರಿಗೈ ಮುಗಿಯುತ್ತಿದ್ದಳು. ನನಗೆ ಅವಳ ಹತ್ತಿರ ಸುಳಿಯಲು ನಾಚಿಕೆ. ದೂರದ ಮೇಜಿನಲ್ಲಿ ಕೂತು, ಆ ನಾಚಿಕೆಯಲ್ಲೂ ಎರಡೆರಡು ಸಲ ಬಡಿಸಿಕೊಂಡು ತಿಂದೆ.

ಮೊನ್ನೆ ಅಕ್ಕನ ಊರಿಗೆ ಹೋಗಿದ್ದೆ. ನೆರೆಯವರು ಹಡಗಿನ ಕಥೆ ಕೇಳುತ್ತ ಕೂತಿದ್ದರು. ಅಕ್ಕ ನನ್ನತ್ತ ಕೈ ತೋರಿಸಿ, "ನಮ್ಮುಡ್ಗ ಇಂಗ್ಲೀಸ್ನಲ್ಲಿ ಎಷ್ಟು ಬೇಡ್ಕಂಡ ಅಂತೀರಿ. ಅವ ಕೇಳ್ಲೇ ಇಲ್ಲ" ಎಂದಳು.

ನಾನು ತಲೆ ತಗ್ಗಿಸಿ ಒಳಗೆ ಹೋದೆ. ದೇವರ ಗೂಡಿನಲ್ಲಿ ಅರಿಶಿನದ ಬಟ್ಟೆ ಸುತ್ತಿದ ಎರಡು ಕಾಯಿಗಳಿದ್ದವು. ಒಂದು ನನ್ನ ಹರಕೆಗೆ ಮತ್ತೆ ಕಟ್ಟಿದ್ದೆಂದು ತಿಳಿಯಿತು. ಇನ್ನೊಂದು ಯಾರಿಗೆ ಎಂದು ಹಿಂದೆಯೇ ಬಂದ ಅಕ್ಕನನ್ನು ಕೇಳಿದೆ.

"ಕಾಯಿ ಎಸೆದ್ನಲ್ಲ, ಅವುನ್ಗೆ" ಎಂದಳು ಅಕ್ಕ. "ಪಾಪ, ಗೊತ್ತಿಲ್ದೆ ಮಾಡವ್ನೆ. ಗಂಗವ್ವ ಅವನ ಮ್ಯಾಲೆ ಮುನಿಸ್ಕಬಾರ್ದು."