ಶೇಖರಣ್ಣನ ಒತ್ತಕ್ಷರ

ಆ ಅಕ್ಷರ ನನ್ನದಲ್ಲ, ಶೇಖರಣ್ಣ. ನಿಮ್ಮದು. ಕದ್ದವಳು ನಾನು — ಕದ್ದು, ಇಷ್ಟು ವರ್ಷ ಅದರ ಹೆಸರಿನಲ್ಲೇ ಅನ್ನ ತಿಂದೆ.

ಬಾಳೆಹೊನ್ನೂರಿನಲ್ಲಿ ಬಸ್ಸಿಗೂ ಅಂಗಡಿಗೂ ಬೋರ್ಡು ಬರೆಯುತ್ತಿದ್ದವರು ನೀವು. ಬಸ್ಸಿನ ಬೋರ್ಡಿನ ಎತ್ತರ ಕಡಿಮೆ. 'ಕೊಪ್ಪ' ಎಂಬುದರ ಒತ್ತು, 'ಹೊನ್ನೂರು' ಎಂಬುದರ ಒತ್ತು ಕೆಳಗೆ ಬರೆದರೆ ಉಳಿದ ಅಕ್ಷರವೆಲ್ಲ ಕುಗ್ಗಬೇಕು. ಅದಕ್ಕೆ ನೀವು ಒತ್ತನ್ನು ಮೇಲೆತ್ತಿ, ಬಾಲ ಮಡಚಿ, ಅಕ್ಷರದ ಮಗ್ಗುಲಲ್ಲೇ ಕೂರಿಸುತ್ತಿದ್ದಿರಿ. ಶಾಲೆ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದ ನನಗೆ ಬ್ರಷ್ ಕೊಟ್ಟು, "ಒತ್ತಿಗೂ ಕೂರ್ಲಿಕ್ಕೆ ಜಾಗ ಬೇಕಲ್ಲ ಮಾರಾಯ್ತಿ" ಎನ್ನುತ್ತಿದ್ದಿರಿ.

ಗ್ರಾಫಿಕ್ ಡಿಸೈನ್ ಕಲಿತು ಮಂಗಳೂರಿಗೆ ಕೆಲಸ ಕೇಳಲು ಹೊರಟಾಗ ತೋರಿಸಲು ನನ್ನದೆಂಬುದು ಏನೂ ಇರಲಿಲ್ಲ — ಇತ್ತು, ಎಲ್ಲ ಸಪ್ಪೆ. ನಿಮ್ಮ ಬೋರ್ಡುಗಳ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಗೆರೆಗೆ ಗೆರೆ ತಿದ್ದಿ, ನನ್ನ ಹೆಸರು ಹಾಕಿದೆ. ಈ ಒತ್ತಿನ ಯೋಚನೆ ಹೇಗೆ ಬಂತು ಎಂದು ಆಫೀಸಿನವರು ಕೇಳಿದರು. "ಹಾಗೇ ಹೊಳೀತು" ಎಂದೆ. ಥೂ, ಎಷ್ಟು ಸಲೀಸಾಗಿ ಎಂದೆ! ಕೆಲಸ ಸಿಕ್ಕಿತು. ಅದೇ ಅಕ್ಷರ ಫಾಂಟ್ ಆಗಿ ಊರೂರಿನ ಫ್ಲೆಕ್ಸ್ ಅಂಗಡಿಗಳನ್ನು ಸೇರಿತು.

ಆಮೇಲೊಂದು ದಿನ ಕೊಪ್ಪದ ಬೇಕರಿ. ನಾನು ಆಫೀಸಿನ ಗೆಳತಿಯೊಬ್ಬಳನ್ನು ಊರು ತೋರಿಸಲು ಕರೆತಂದಿದ್ದೆ. ನೀವು ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿದ್ದಿರಿ. ಬೇಕರಿಯವರು ಕೆಳಗಿನಿಂದ ಕೂಗಿದರು: "ಇದು ಫ್ಲೆಕ್ಸಿನ ಅಕ್ಷರ ಅಲ್ವಾ! ಕಂಪ್ಯೂಟರ್ ನೋಡಿ ಕಾಪಿ ಹೊಡೆಯೋದಾದ್ರೆ ನೀವ್ಯಾಕೆ ಮಾರಾಯ್ರೆ?" ನೀವು ನಕ್ಕು ನನ್ನ ಕಡೆ ಕೈ ತೋರಿಸಿದಿರಿ. "ಇವಳನ್ನೇ ಕೇಳಿ. ಸಣ್ಣವಳಿದ್ದಾಗಿಂದ ನನ್ನ ಅಕ್ಷರ ನೋಡಿದಾಳೆ."

ಒಂದು ಮಾತು ಸಾಕಿತ್ತು. ಗೆಳತಿ ನನ್ನ ಮುಖವನ್ನೇ ನೋಡುತ್ತಿದ್ದಳು — ಇದು ನೆಪವಲ್ಲ, ನಡೆದದ್ದು ಹೇಳುತ್ತಿದ್ದೇನೆ.

"ಇವರೂ ಫ್ಲೆಕ್ಸ್ ನೋಡಿ ಕಲಿತಿರಬಹುದು" ಎಂದೆ.

"ಹೌದನಾ?" ಎಂದಿರಿ. ಬೈಯಲಿಲ್ಲ. ಸೀಮೆಎಣ್ಣೆ ಬಟ್ಟೆಯಿಂದ ಬರೆದದ್ದನ್ನು ನೀವೇ ಒರೆಸಿ, ಏಣಿ ಇಳಿದು ಹೊರಟುಹೋದಿರಿ. ನಾನು ಗೆಳತಿಗೆ ಪಫ್ಸ್ ಕೊಡಿಸಿದೆ.

ಕಳೆದ ತಿಂಗಳು ಹರಿಹರಪುರದಲ್ಲಿ ನಿಮ್ಮನ್ನು ಕಂಡೆ. ಫ್ಲೆಕ್ಸಿನ ಆ ಅಕ್ಷರ ನನ್ನ ಹೆಸರಿನಲ್ಲಿದೆ ಎಂದು ಅಷ್ಟರಲ್ಲಿ ನಿಮಗೂ ಗೊತ್ತಾಗಿತ್ತು. ಅಂಗಡಿಯ ಗೋಡೆಗೆ ಬರೆಯುತ್ತಿದ್ದಿರಿ — ಡಬ್ಬದಂಥ ಅಕ್ಷರ, ಒತ್ತುಗಳೆಲ್ಲ ಕೆಳಗೆ, ಎಲ್ಲರ ಹಾಗೆ. ನಾನು ನಿಂತದ್ದು ಕಂಡು ಕೈ ತಡೆದಿರಿ. "ಇದು ನಿನ್ನದರ ಹಾಗೆ ಕಾಣೋದಿಲ್ಲ ಅಲ್ವಾ?" ಎಂದು ಕೇಳಿದಿರಿ. ಚುಚ್ಚಿ ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ, ಶೇಖರಣ್ಣ. ನೀವು ಹೆದರಿ ಕೇಳಿದಿರಿ.

ಅವತ್ತೂ "ಇಲ್ಲ" ಎಂದಷ್ಟೇ ಹೇಳಿ ಬಂದೆ, ಹೇಡಿ.

ಆಫೀಸಿಗೆ ನಿಜ ಬರೆದು ಕಳಿಸಿದ್ದೇನೆ. ನಾಳೆ ಆ ಬೇಕರಿಯವರ ಎದುರು ನಿಂತು ಹೇಳುತ್ತೇನೆ. ನಿಮ್ಮ ಮನೆಗೂ ಬರುತ್ತೇನೆ. ಬಾಗಿಲು ತೆಗೆಯಲೇಬೇಕೆಂದಿಲ್ಲ.