ಕಲೆ ಅಳಿಸಿದ ಆಕಾಶ

ಶಿರಾ ಗೇಟ್ ಬಳಿಯ ಫೋಟೊ ಸ್ಟುಡಿಯೊದಲ್ಲಿ ಮದುವೆ ಆಲ್ಬಂ ಮಾಡುವ ಸುಮನಾಳ ಕೈಗೆ ಸಿಕ್ಕ ಮುಖಗಳೆಲ್ಲ ಹೊಳೆಯುತ್ತವೆ. ಮೊಡವೆ, ಬೆವರಹನಿ, ಕುಂಕುಮದ ಪುಡಿ, ಯಾವುದೂ ಉಳಿಯುವುದಿಲ್ಲ. ಇದಕ್ಕೆಂದೇ ಕೀಬೋರ್ಡಿನ ಎಫ್ ಫೈವ್ ಗುಂಡಿಗೆ ಅವಳು ಒಂದು ಕೆಲಸ ಕಲಿಸಿಟ್ಟಿದ್ದಾಳೆ. ಒತ್ತಿದರೆ ಸಾಕು, ಚಿತ್ರದಲ್ಲಿರುವ ಸಣ್ಣ ಚುಕ್ಕೆಗಳೆಲ್ಲ ಅಳಿಸಿಹೋಗಿ ಸುತ್ತಲಿನ ಬಣ್ಣ ಅಲ್ಲಿ ಬಂದು ಕೂರುತ್ತದೆ.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳಿಗೆ ಆಕಾಶದ ಹುಚ್ಚು. ಉಪ್ಪಾರಹಳ್ಳಿಯ ಮನೆಯ ತಾರಸಿಯಿಂದ ಬೀದಿದೀಪಗಳ ಹಳದಿ ಬಿಟ್ಟರೆ ಹೆಚ್ಚೇನೂ ಕಾಣದು. ಹಾಗಾಗಿ ಸ್ಟುಡಿಯೊದ ಕ್ಯಾಮೆರಾ ಕೇಳಿ ಪಡೆದು, ತವರೂರು ಕಡಬದ ಕೆರೆ ಏರಿಯ ಮೇಲೆ ಟ್ರೈಪಾಡ್ ನಿಲ್ಲಿಸುತ್ತಾಳೆ. ಈ ಸಲದ ಸಂಕ್ರಾಂತಿ ರಜೆಯಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ, ಅಂದರೆ ಹೊಳೆಯುವ ಅನಿಲದ ಮೋಡದ, ನೂರಾರು ಚಿತ್ರಗಳನ್ನು ತೆಗೆದು ತಂದಿದ್ದಳು.

ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಕಾಲೇಜು ಗೆಳತಿ ನಂದಿತಾ ಸುದ್ದಿ ತಿಳಿದು ಫೋನ್ ಮಾಡಿದಳು.

"ನಮ್ ಲ್ಯಾಬ್ ಗೋಡೆಗೆ ಒಂದು ದೊಡ್ಡ ಫೋಟೊ ಬೇಕು ಕಣೇ. ಶನಿವಾರ ಸಂಜೆ ಬರ್ತೀನಿ. ರೆಡಿ ಇದ್ರೆ ನಿಂದೇ, ಇಲ್ದಿದ್ರೆ ನೆಟ್‌ನಲ್ಲಿ ಸಿಕ್ಕಿದ್ದನ್ನ ಪ್ರಿಂಟ್ ಹಾಕಿಸ್ಕೊಂಡು ಹೋಗ್ತೀನಿ."

ಸುಮನಾ ಮಾಡಿದ ಆಲ್ಬಂಗಳ ಮೇಲೆಲ್ಲ ಸ್ಟುಡಿಯೊದ ಹೆಸರೇ ಇರುತ್ತದೆ. ತನ್ನ ಹೆಸರಿರುವ ಒಂದು ಚಿತ್ರ ಎಲ್ಲಾದರೂ ಒಂದು ಗೋಡೆಯ ಮೇಲೆ ಇರಬೇಕು ಎಂಬ ಆಸೆ ಅವಳದು.

ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಆ ನೂರಾರನ್ನೂ ಒಂದರ ಮೇಲೊಂದು ಪೇರಿಸಿ ಒಂದೇ ಮಾಡಿದ ಚಿತ್ರವನ್ನು ಸ್ಟುಡಿಯೊದ ಕಂಪ್ಯೂಟರಿನಲ್ಲಿ ತೆರೆದಳು. ಪರದೆ ಕಪ್ಪಗಿತ್ತು. ಮಾಲೀಕ ಗುರುಪ್ರಕಾಶ್ ಟೀ ಲೋಟ ಹಿಡಿದು ಇಣುಕಿದರು.

"ಏನಮ್ಮಾ ಇದು, ಲೆನ್ಸ್ ಕ್ಯಾಪ್ ತೆಗೆಯೋದೇ ಮರ್ತ್‌ಬಿಟ್ಟಿದ್ಯಾ?"

"ಎಲ್ಲಾ ಇದ್ರೊಳಗೇ ಇದೆ ಸಾರ್. ಎಳೀಬೇಕು ಅಷ್ಟೇ."

ನೀಹಾರಿಕೆಯ ಬೆಳಕು ಅಷ್ಟು ಮಂಕು. ಕತ್ತಲೆಯ ಪಕ್ಕದಲ್ಲೇ ಮುದುಡಿ ಕೂತಿರುತ್ತದೆ. ಅದನ್ನು ಹಿಗ್ಗಿಸುವುದಕ್ಕೆ ಸ್ಟ್ರೆಚ್ ಎನ್ನುತ್ತಾರೆ. ಒಮ್ಮೆಗೇ ಎಳೆದರೆ ನಡುಭಾಗ ಸುಣ್ಣ ಬಳಿದಂತಾಗುತ್ತದೆ. ಸುಮನಾ ಮಂಕು ಭಾಗವನ್ನು ಒಂದಿಷ್ಟು ಎತ್ತಿದಳು, ಹಿನ್ನೆಲೆಯ ಕಪ್ಪನ್ನು ಸರಿಪಡಿಸಿದಳು, ಮತ್ತೆ ಒಂದಿಷ್ಟು ಎತ್ತಿದಳು. ನಿಧಾನವಾಗಿ ಗುಲಾಬಿ ಬಣ್ಣದ ಮೋಡವೊಂದು ರೆಕ್ಕೆ ಬಿಚ್ಚಿತು.

"ಅಯ್ಯೋ, ಬಂತಲ್ಲಮ್ಮಾ!" ಎಂದರು ಗುರುಪ್ರಕಾಶ್.

ಬೆಳಕಿನ ಜೊತೆಗೆ ತರಿತರಿ ಚುಕ್ಕೆಗಳೂ ಎದ್ದುಬಂದಿದ್ದವು. ಆಲ್ಬಂಗಳಿಗೆ ಪಳಗಿದ ಬೆರಳು ತಾನಾಗಿಯೇ ಎಫ್ ಫೈವ್ ಒತ್ತಿತು. ಚಿತ್ರ ನುಣುಪಾಯಿತು. ಸುಮನಾ ಹಿಗ್ಗಿನಿಂದ ದೊಡ್ಡ ಪ್ರಿಂಟನ್ನೇ ತೆಗೆದಳು.

ಗುರುಪ್ರಕಾಶ್ ಅದನ್ನು ಕೈಚಾಚಿ ಹಿಡಿದು ನೋಡಿದರು. "ಸೂಪರ್ ಕಣಮ್ಮಾ! ಮದುವೆಹೆಣ್ಣಿನ ಕೆನ್ನೆ ಇದ್ದಂಗಿದೆ."

ಸುಮನಾಳ ನಗು ಥಟ್ಟನೆ ನಿಂತಿತು. ಎಫ್ ಫೈವ್ ಒತ್ತುವ ಮೊದಲಿನ ಚಿತ್ರವನ್ನು ಪಕ್ಕದಲ್ಲಿಟ್ಟು ಮೂಲೆಮೂಲೆ ಹೋಲಿಸಿದಳು. ನುಣುಪಾದದ್ದರಲ್ಲಿ ದೊಡ್ಡ ನಕ್ಷತ್ರಗಳಷ್ಟೇ ಉಳಿದಿದ್ದವು.

"ಸಾರ್, ನಕ್ಷತ್ರಗಳ್ನ ಮೊಡವೆ ಅಂತ ಅಳಿಸ್ಬಿಟ್ಟಿದೀನಿ!"

ಎಫ್ ಫೈವ್ ಮುಟ್ಟದೆ ಮೊದಲಿನಿಂದ ಮತ್ತೆ ಎಳೆದಳು. ಈ ಸಲ ಚಿಕ್ಕ ನಕ್ಷತ್ರಗಳು ಉಳಿದವು, ತರಿಯೂ ಉಳಿಯಿತು. ಎರಡನೆಯ ಪ್ರಿಂಟ್ ಹೊರಬರುವ ಹೊತ್ತಿಗೆ ನಂದಿತಾಳ ಸ್ಕೂಟರ್ ಬಾಗಿಲ ಮುಂದೆ ನಿಂತಿತ್ತು. ಅವಳು ಎರಡನ್ನೂ ನೋಡಿ ನುಣುಪಾದದ್ದನ್ನೇ ಎತ್ತಿಕೊಂಡಳು.

"ಇದಿರ್ಲಿ ಕಣೇ. ಅದ್ಯಾಕೋ ರವೆ ಉದುರಿಸಿದಂಗಿದೆ."

ಸುಮ್ಮನಿದ್ದರೆ ಹೆಸರು ಗೋಡೆಗೇರುತ್ತಿತ್ತು. ಸುಮನಾ ಬೇಡವೆಂದು ತಲೆಯಾಡಿಸಿದಳು.

"ಅದ್ರಲ್ಲಿ ನಕ್ಷತ್ರಗಳು ಅಳಿಸಿಹೋಗಿವೆ. ರವೆ ಬೇಡ ಅಂದ್ರೆ ನೆಟ್‌ನಿಂದಾನೇ ತಗೋ. ಇದನ್ನ ಮಾತ್ರ ಹಾಕ್ಬೇಡ."

"ಕಾಲೇಜಲ್ಲೂ ನೀನು ಹಿಂಗೇ. ಲ್ಯಾಬ್‌ನಲ್ಲಿ ರೀಡಿಂಗ್ ಒಂಚೂರು ತಿದ್ದೇ ಅಂದ್ರೆ ಕೇಳ್ತಿರ್ಲಿಲ್ಲ."

"ನೀನು ತಿದ್ದಿ ಸಿಕ್ಕಾಕ್ಕೊಂಡಿಯಲ್ಲ!"

ನಂದಿತಾ ನಗುತ್ತ ಎರಡನೆಯದನ್ನು ಬೆಳಕಿಗೆ ಹಿಡಿದಳು. "ಅದ್ಸರಿ, ಈ ರವೆ ಎಲ್ಲಿಂದ ಬಂತು?"

"ಮಂಕು ಬೆಳಕನ್ನ ಎಳೆದಾಗ ಕ್ಯಾಮೆರಾದ ಗದ್ದಲಾನೂ, ಅಂದ್ರೆ ಅದೇ ಹುಟ್ಟಿಸೋ ಸುಳ್ಳು ಚುಕ್ಕೆ, ಜೊತೆಗೆ ಎದ್ದೇಳುತ್ತೆ. ಇನ್ನೂ ಜಾಸ್ತಿ ಫೋಟೊ ಪೇರಿಸಿದ್ರೆ ಕಮ್ಮಿ ಆಗುತ್ತೆ."

"ಹಂಗಾದ್ರೆ ಇದೇ ಕೊಡು. ಮಕ್ಕಳು ಇದನ್ನೇ ಕೇಳ್ತಾರೆ, ನಂಗೊಂದು ಪೀರಿಯಡ್ ಪಾಠ ಸಿಕ್ತು. ಹೆಸರು ಬರಿ, ಬೇಗ."

ಸುಮನಾ ಬಿಳಿ ಅಂಚಿನ ಮೇಲೆ ಮಾರ್ಕರಿನಿಂದ ಬರೆದಳು: ಫೋಟೊ – ಸುಮನಾ, ಕಡಬ.

ಸ್ಕೂಟರ್ ಗುಬ್ಬಿಯ ಕಡೆ ತಿರುಗಿದ ಮೇಲೆ ಗುರುಪ್ರಕಾಶ್ ಮೇಜಿನ ಮೇಲೆ ಉಳಿದ ಪ್ರಿಂಟನ್ನು ಸುರುಳಿ ಸುತ್ತತೊಡಗಿದರು.

"ಇದನ್ನ ಎಸೀಬೇಡಮ್ಮಾ. ನಾಳೆ ಒಂದು ಸೀಮಂತ ಇದೆ, ಹಿಂದೆ ಬ್ಯಾಕ್‌ಗ್ರೌಂಡ್ ಹಾಕೋಣ."

"ಹಾಕಿ ಸಾರ್. ಅಲ್ಲಿ ಯಾರೂ ನಕ್ಷತ್ರ ಹುಡುಕಲ್ಲ," ಎಂದು ಸುಮನಾ ಮುಂದಿನ ಆಲ್ಬಂ ತೆರೆದಳು.